ಸೂಜಿಯಕ್ಕನ ಹಿಂದಿನ ಕೋಣೆ

ಊರಿಗೆ ಬರುವ ಬಸ್ಸು ಒಂದೇ. ಅದು ಗುಡ್ಡದ ತಿರುವು ಹತ್ತಿ ಬಂದು ಉಸ್ಸೆಂದು ನಿಲ್ಲುವ ಜಾಗದ ಎದುರಿಗೇ ಸೂಜಿಯಕ್ಕನ ಅಂಗಡಿ. ಹಸಿರು ಬಾಗಿಲು, ಬಾಗಿಲ ಪಕ್ಕದಲ್ಲಿ ಕಾಲಿನಿಂದ ತುಳಿಯುವ ಹೊಲಿಗೆ ಯಂತ್ರ, ಅದರ ಹಿಂದೆ ಬಟ್ಟೆ ಕತ್ತರಿಸುವ ಉದ್ದನೆಯ ಮೇಜು, ಮೇಜಿನ ಹಿಂದೊಂದು ಹೂವಿನ ಪರದೆ, ಪರದೆಯ ಆಚೆ ಚಿಕ್ಕ ಕೋಣೆ. ಅಳತೆ ಕೊಡುವವರು, ಹೊಲಿದದ್ದನ್ನು ತೊಟ್ಟು ನೋಡುವವರು ಆ ಕೋಣೆಗೆ ಹೋಗುತ್ತಾರೆ. ಅಲ್ಲೊಂದು ನಿಲುವುಗನ್ನಡಿ, ಎರಡು ಕುರ್ಚಿ, ಹಿತ್ತಿಲಿನ ಕಡೆಗೆ ತೆರೆಯುವ ಕಿಟಕಿ. ಅಷ್ಟೇ.

ಅವಳಿಗೆ ಆ ಹೆಸರು ಬಂದದ್ದು ಕೈಯಲ್ಲಿದ್ದ ಸೂಜಿಯಿಂದಲೋ ಬಾಯಲ್ಲಿದ್ದ ಸೂಜಿಯಿಂದಲೋ ಎಂಬುದು ಊರಲ್ಲಿ ಇನ್ನೂ ತೀರ್ಮಾನವಾಗಿಲ್ಲ. ಹೊಟ್ಟೆ ಒಳಗೆ ಎಳೆದುಕೊಂಡು ಅಳತೆ ಕೊಡುವ ಗಂಡಸರಿಗೆ, "ಉಸಿರು ಬಿಡಿ ಅಣ್ಣ. ಈ ಅಂಗಿ ಹಾಕ್ಕೊಂಡಾಗಲೆಲ್ಲ ಹಿಂಗೇ ಉಸಿರು ಬಿಗಿ ಹಿಡ್ಕೊಂಡು ಓಡಾಡ್ತೀರಾ?" ಎನ್ನುತ್ತಿದ್ದಳು. ಮಕ್ಕಳ ಶಾಲೆಯ ಅಂಗಿಗೆ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆ ಮಡಚಿಡುತ್ತಿದ್ದಳು. ಯಾರಾದರೂ ಬೇಡವೆಂದರೆ, "ಮಗು ಬೆಳೆಯೋದು ಬೇಡ್ವಾ ನಿಮಗೆ?" ಎಂದು ಬಾಯಿ ಮುಚ್ಚಿಸುತ್ತಿದ್ದಳು.

ಅವಳ ಗಂಡನದು ಎರಡು ಮನೆ ಆಚೆ ಹಿಟ್ಟಿನ ಗಿರಣಿ. ಬೆಳಗಿನಿಂದ ಸಂಜೆಯವರೆಗೆ ಯಂತ್ರದ ಗದ್ದಲದ ಮೇಲೆ ಕೂಗಿ ಕೂಗಿ ಆತನಿಗೆ ಮೆಲ್ಲಗೆ ಮಾತಾಡುವುದೇ ಮರೆತುಹೋಗಿತ್ತು. ಊಟಕ್ಕೆ ಕೂತು ಉಪ್ಪು ಕೇಳಿದರೆ ಪಕ್ಕದ ಮನೆಯವರು ತಂದುಕೊಡುತ್ತಿದ್ದರು. ರೆಪ್ಪೆಯವರೆಗೂ ಹಿಟ್ಟು ಮೆತ್ತಿಕೊಂಡ ಒಳ್ಳೆಯ ಮನುಷ್ಯ. ಅಂಗಡಿಗೆ ಅಂಟಿಕೊಂಡಿದ್ದ ಮನೆಯಲ್ಲಿ ಆತನ ತಾಯಿ. ಬಾಯಲ್ಲಿ ಹಲ್ಲು ಉಳಿದಿರಲಿಲ್ಲ, ಆದರೂ ಮಾತು ಕಚ್ಚುತ್ತಿತ್ತು. ಅತ್ತೆ ಸೊಸೆಯ ನಡುವೆ ದಿನಕ್ಕೊಂದು ಜಗಳ ನಡೆಯಲೇಬೇಕು, ಇಲ್ಲದಿದ್ದರೆ ಇಬ್ಬರಿಗೂ ಉಂಡ ಅನ್ನ ಅರಗುತ್ತಿರಲಿಲ್ಲ. ಒಬ್ಬಳೇ ಮಗಳು ಮದುವೆಯಾಗಿ ಬೇರೆ ಊರಿನಲ್ಲಿ ಸುಖವಾಗಿದ್ದಳು.

ಸೂಜಿಯಕ್ಕನಿಗೆ ನಲವತ್ತು ದಾಟಿದ ಮೇಲೆ ಒಂದು ವರ್ಷ ಆ ಹೊಲಿಗೆ ಯಂತ್ರ ನಿಂತುಹೋಯಿತು.

ಆದದ್ದೇನು ಎಂದು ಕೇಳಿದರೆ, ಏನೂ ಆಗಿರಲಿಲ್ಲ. ಅದೇ ದೊಡ್ಡ ಫಜೀತಿ. ಮನೆಯಲ್ಲಿ ಸಾವಾಗಿರಲಿಲ್ಲ, ಗಂಡ ಕೈ ಎತ್ತುವವನಲ್ಲ, ಮಗಳು ವಾರಕ್ಕೊಮ್ಮೆ ಫೋನು ಮಾಡಿ ನಗುತ್ತಿದ್ದಳು. ಒಂದು ಬೆಳಿಗ್ಗೆ ಕತ್ತರಿ ಹಿಡಿದು ಮೇಜಿನ ಮುಂದೆ ನಿಂತವಳಿಗೆ ಎಲ್ಲಿಂದ ಕತ್ತರಿಸಬೇಕೆಂದು ತೋಚಲಿಲ್ಲ. ಬಟ್ಟೆಯ ಮೇಲೆ ತಾನೇ ಎಳೆದ ಗೆರೆ ಕಣ್ಣಿಗೆ ಕಾಣುತ್ತಿತ್ತು, ಕೈಗೆ ಕಾಣುತ್ತಿರಲಿಲ್ಲ. ಕತ್ತರಿ ಕೆಳಗಿಟ್ಟು ಸ್ವಲ್ಪ ಹೊತ್ತು ಕೂರೋಣವೆಂದು ಕೂತಳು. ಮಧ್ಯಾಹ್ನ ಗಂಡ ಊಟಕ್ಕೆಂದು ಕರೆಯಲು ಬಂದಾಗಲೂ ಹಾಗೇ ಕೂತಿದ್ದಳು.

ಅಲ್ಲಿಂದ ಮುಂದೆ ಹಾಸಿಗೆಯಿಂದ ಏಳುವುದೇ ಒಂದು ಕೆಲಸವಾಯಿತು. ನಿದ್ದೆ ಬರುತ್ತಿರಲಿಲ್ಲ, ಎಚ್ಚರವೂ ಪೂರ್ತಿ ಇರುತ್ತಿರಲಿಲ್ಲ. ಅಂಗಡಿಯಲ್ಲಿ ಬಟ್ಟೆ ರಾಶಿ ಬಿತ್ತು. ಬಂದವರೆಲ್ಲ ಬಟ್ಟೆ ಕೇಳಿ, ಅದು ಸಿಗದಿದ್ದಾಗ ಒಂದೊಂದು ಸಲಹೆ ಬಿಟ್ಟುಹೋದರು. ಒಬ್ಬರು ರಕ್ತ ಕಡಿಮೆ ಎಂದರು, ಒಬ್ಬರು ಮಗಳ ನೆನಪು ಎಂದರು, ಇನ್ನೊಬ್ಬರು ಗಂಡನ ಮುಖ ನೋಡಿಕೊಂಡು, "ವಯಸ್ಸು ಕಣಪ್ಪ, ಹೆಂಗಸರಿಗೆ ಹಿಂಗಾಗುತ್ತೆ" ಎಂದರು. ಅತ್ತೆ ಮೊದಮೊದಲು, "ಎದ್ದು ಮುಖ ತೊಳ್ಕೊಂಡರೆ ಅರ್ಧ ಕಾಯಿಲೆ ಓಡಿಹೋಗುತ್ತೆ" ಎಂದು ಗದರಿಸುತ್ತಿದ್ದರು. ಆಮೇಲೆ ಗದರಿಸುವುದನ್ನು ಬಿಟ್ಟರು. ದಿನಾ ಬೆಳಿಗ್ಗೆ ಒದ್ದೆ ಬಟ್ಟೆ ತಂದು ತಾವೇ ಸೊಸೆಯ ಮುಖ ಒರೆಸತೊಡಗಿದರು.

ಹೀಗಿರುವಾಗ ಒಂದು ಮದುವೆಯ ಬಟ್ಟೆಗೆ ಗಡುವು ಬಂತು. ಹುಡುಗಿಯ ತಾಯಿ ಅಂಗಡಿಗೆ ಬಂದು, ಕತ್ತರಿಸಿ ಬಿಟ್ಟಿದ್ದ ತುಂಡುಗಳನ್ನು ಒಂದೊಂದಾಗಿ ಆಯ್ದು, ಮಾತಾಡದೆ ಚೀಲಕ್ಕೆ ತುಂಬಿಕೊಂಡು ಹೋದರು. ಸೂಜಿಯಕ್ಕ ಅದನ್ನು ಒಳಬಾಗಿಲಿನಿಂದ ನೋಡಿದಳು. ನಾಚಿಕೆಯಾಗಬೇಕಿತ್ತು, ಆಗಲಿಲ್ಲ. ಅಳು ಬರಬೇಕಿತ್ತು, ಬರಲಿಲ್ಲ. ಅವಳಿಗೆ ಹೆದರಿಕೆ ಹುಟ್ಟಿದ್ದೇ ಅಲ್ಲಿ.

ಅಂದು ಸಂಜೆ ಗಿರಣಿ ಮುಚ್ಚಿ ಬಂದ ಗಂಡ ಮೈಮೇಲಿನ ಹಿಟ್ಟನ್ನೂ ಕೊಡವದೆ ಅವಳ ಪಕ್ಕ ಕೂತ. "ಎಲ್ಲಿ ನೋಯ್ತಿದೆ ಹೇಳು" ಎಂದ. ಎಷ್ಟು ಮೆಲ್ಲಗೆ ಎಂದನೆಂದರೆ, ಮದುವೆಯಾದಾಗಿನಿಂದ ಅವಳು ಆ ದನಿಯನ್ನೇ ಕೇಳಿರಲಿಲ್ಲ. ಯಾರೋ ಬೇರೆಯವರು ಮಾತಾಡಿದರೇನೋ ಎಂದು ತಿರುಗಿ ನೋಡಿದಳು.

"ಎಲ್ಲೂ ನೋಯ್ತಿಲ್ಲ ರೀ. ಏನೂ ಆಗ್ತಾನೇ ಇಲ್ಲ ನಂಗೆ."

"ಹಂಗಾದ್ರೆ ನಾಳೆ ಡಾಕ್ಟ್ರ ಹತ್ರ ಹೋಗೋಣ."

ಊರಿನ ಆರೋಗ್ಯ ಕೇಂದ್ರದ ಡಾಕ್ಟರು ಜ್ವರ, ಗಾಯ, ಹೆರಿಗೆ ಎಲ್ಲಕ್ಕೂ ಒಬ್ಬರೇ. ಅವರು ತಾಳ್ಮೆಯಿಂದ ಕೇಳಿಸಿಕೊಂಡು, "ಇದು ಮನಸ್ಸಿನ ಕಾಯಿಲೆ ಕಣಮ್ಮ. ಹೆದರಬೇಡಿ, ಇದಕ್ಕೆ ಔಷಧ ಇದೆ. ಆದರೆ ನನ್ನ ಕಪಾಟಿನಲ್ಲಿಲ್ಲ. ದೊಡ್ಡಾಸ್ಪತ್ರೆಗೇ ಹೋಗಬೇಕು" ಎಂದು ಚೀಟಿ ಬರೆದುಕೊಟ್ಟರು.

ದೊಡ್ಡಾಸ್ಪತ್ರೆ ಇದ್ದದ್ದು ಪೇಟೆಯಲ್ಲಿ. ಬೆಳಗಿನ ಬಸ್ಸು ಹತ್ತಿದರೆ ಬಿಸಿಲೇರಿದ ಮೇಲೆ ತಲುಪುವ ದಾರಿ. ಯಾರಾದರೂ ಕೇಳಿದರೆ ಹಲ್ಲು ನೋವು ಎನ್ನಬೇಕೆಂದು ಗಂಡ ಹೆಂಡತಿ ಮೊದಲೇ ಮಾತಾಡಿಕೊಂಡಿದ್ದರು. ಬಸ್ಸು ನಿಲ್ಲುವ ಜಾಗದಲ್ಲಿ ಊರಿನ ಅಂಚೆಯಣ್ಣ ಮಫ್ಲರು ಸುತ್ತಿಕೊಂಡು ನಿಂತಿದ್ದ. ಮನೆಮನೆಗೆ ಕಾಗದ ಹಂಚುವ ಮನುಷ್ಯ, ಎಲ್ಲರ ಸುದ್ದಿ ಗೊತ್ತಿದ್ದೂ ಯಾರ ಸುದ್ದಿಯನ್ನೂ ಆಡದವನು.

"ಎಲ್ಲಿಗೆ ಅಣ್ಣ?" ಎಂದಳು ಸೂಜಿಯಕ್ಕ.

"ಕಣ್ಣು ತೋರಿಸಿಕೊಂಡು ಬರೋಣ ಅಂತ. ನೀವು?"

"ಹಲ್ಲು!" ಎಂದು ಗಿರಣಿಯವನು ಕೂಗಿದ್ದಕ್ಕೆ ಎದುರಿನ ಮರದ ಕಾಗೆಗಳೆಲ್ಲ ಎದ್ದು ಹಾರಿದವು.

ಆಸ್ಪತ್ರೆಯಲ್ಲಿ ಇವರು ಕೇಳಿಕೊಂಡು ಕೇಳಿಕೊಂಡು ಮೇಲಿನ ಮಹಡಿಯ ಕೊನೆಯ ಓಣಿಗೆ ಬಂದರೆ, ಬೆಂಚಿನ ತುದಿಯಲ್ಲಿ ಅದೇ ಮಫ್ಲರು. ಮೂವರೂ ಒಬ್ಬರನ್ನೊಬ್ಬರು ನೋಡಿದರು. ಗಿರಣಿಯವನಿಗೆ ಸುಮ್ಮನಿರುವುದು ಗೊತ್ತಿದ್ದರೆ ತಾನೆ?

"ಅಣ್ಣಾ, ಕಣ್ಣಿನವರು ಕೆಳಗಡೆ ಅಲ್ವಾ?"

ಅಂಚೆಯಣ್ಣ ನಿಧಾನಕ್ಕೆ ಮಫ್ಲರು ಬಿಚ್ಚಿ ತೊಡೆಯ ಮೇಲಿಟ್ಟುಕೊಂಡ. "ಹಲ್ಲಿನವರೂ ಕೆಳಗಡೇನೇ ಕಣಪ್ಪ" ಎಂದ.

ಬೆಂಚಿನಲ್ಲಿದ್ದವರೆಲ್ಲ ನಕ್ಕರು. ಸೂಜಿಯಕ್ಕನ ತುಟಿಯೂ ಒಂದಿಷ್ಟು ಸಡಿಲವಾಯಿತು. ಗಂಡ ಅದನ್ನು ಕಂಡ. ಎಷ್ಟೋ ತಿಂಗಳ ಮೇಲೆ ಕಂಡದ್ದು. ಆತ ಬೇರೆ ಕಡೆ ಮುಖ ತಿರುಗಿಸಿ ರೆಪ್ಪೆಯ ಮೇಲೆ ಇಲ್ಲದ ಹಿಟ್ಟನ್ನು ಒರೆಸಿಕೊಂಡ.

ಡಾಕ್ಟರಮ್ಮನ ಬಾಗಿಲಲ್ಲಿ ಸಾಲು ಉದ್ದ, ಒಳಗೆ ಸಿಗುವ ಹೊತ್ತು ಗಿಡ್ಡ. ಒಬ್ಬೊಬ್ಬರಿಗೂ ನಾಲ್ಕು ಮಾತು ದಕ್ಕಿದರೆ ಪುಣ್ಯ. ಆದರೂ ಆಕೆ ಸೂಜಿಯಕ್ಕನ ಮುಖ ನೋಡಿ, "ದುಃಖ ಆಗುತ್ತಾ?" ಎಂದು ಕೇಳಿದಳು.

"ಇಲ್ಲ ಡಾಕ್ಟ್ರೇ. ದುಃಖಾನೂ ಆಗಲ್ಲ."

"ಅದಕ್ಕೂ ಇದೇ ಔಷಧ" ಎಂದು ಡಾಕ್ಟರಮ್ಮ ಮಾತ್ರೆ ಬರೆದಳು. "ಬೇಗ ಗುಣ ಕಾಣಲ್ಲ. ಕಾಣಲಿಲ್ಲ ಅಂತ ಬಿಡಬೇಡಿ."

ಗುಣ ನಿಧಾನಕ್ಕೆ ಕಂಡಿತು. ಒಂದು ದಿನ ಕಾಫಿಯ ವಾಸನೆ ಹಿತವಾಯಿತು. ಇನ್ನೊಂದು ದಿನ ಅತ್ತೆಗೆ ಎದುರುತ್ತರ ಕೊಟ್ಟಳು. ಅತ್ತೆ ಅಡುಗೆಮನೆಗೆ ಹೋಗಿ ಮಗನನ್ನು ಕರೆದು, "ಬೈದಳು ಕಣೋ! ನನ್ನ ಬೈದಳು!" ಎಂದು ಮುಖ ಅರಳಿಸಿಕೊಂಡು ಹೇಳಿದರು. ಆದರೆ ತಿಂಗಳಿಗೊಂದು ಸಲ ಪೇಟೆಗೆ ಹೋಗಿಬರಬೇಕು. ಆ ದಿನ ಗಿರಣಿ ಬಂದ್, ಊರಿಗೆ ಹಿಟ್ಟಿಲ್ಲ. ಒಂದು ಮಳೆಗಾಲದಲ್ಲಿ ದಾರಿಯ ಸೇತುವೆ ಕುಸಿದು ಬಸ್ಸೇ ಬರಲಿಲ್ಲ. ಮಾತ್ರೆ ಮುಗಿಯಿತು. ಏಣಿ ಹತ್ತಿದವಳು ಹಾವಿನ ಬಾಯಿಗೆ ಬಿದ್ದು ಮತ್ತೆ ಹಾಸಿಗೆಗೆ ಇಳಿದಳು. ಸೇತುವೆ ರಿಪೇರಿಯಾಗಿ, ಮಾತ್ರೆ ಬಂದು, ಮತ್ತೆ ಮೊದಲಿನಿಂದ ಹತ್ತಬೇಕಾಯಿತು. ಎರಡನೆಯ ಸಲ ಹತ್ತುವುದು ಮೊದಲಿಗಿಂತ ಕಷ್ಟ. ಎಷ್ಟು ದೂರ ಹತ್ತಬೇಕೆಂದು ಮೊದಲೇ ಗೊತ್ತಿರುತ್ತದಲ್ಲ.

ಅವಳು ಪೂರ್ತಿ ಎದ್ದು ಕೂತು ಹೊಲಿಗೆ ಯಂತ್ರಕ್ಕೆ ಎಣ್ಣೆ ಬಿಟ್ಟ ಮೇಲಿನ ವರ್ಷ, ಸರಕಾರದ ಹೊಸ ಯೋಜನೆಯಲ್ಲಿ ಊರಿಗೊಬ್ಬಳು ನರ್ಸು ಬರತೊಡಗಿದಳು. ವಾರಕ್ಕೊಮ್ಮೆ ಸ್ಕೂಟರಿನಲ್ಲಿ ಬರುವುದು, ಆರೋಗ್ಯ ಕೇಂದ್ರದಲ್ಲಿ ಕೂತು ಮನಸ್ಸಿನ ಕಾಯಿಲೆಯವರೊಡನೆ ಮಾತಾಡುವುದು, ಬೇಕೆಂದರೆ ಫೋನಿನ ಪರದೆಯಲ್ಲೇ ಪೇಟೆಯ ಡಾಕ್ಟರಮ್ಮನನ್ನು ತೋರಿಸಿ ಮಾತ್ರೆ ಕೊಡಿಸುವುದು. ಪೇಟೆಗೆ ಹೋಗುವುದೇ ಬೇಡ! ಸೂಜಿಯಕ್ಕ ಮೊದಲ ವಾರವೇ ಹೋದಳು. ನರ್ಸು ವಯಸ್ಸಿನಲ್ಲಿ ಅವಳ ಮಗಳಷ್ಟು, ಕಡಿಮೆ ಮಾತಿನವಳು. ಆದರೆ ಕೇಳಿಸಿಕೊಳ್ಳುವಾಗ ಎದುರಿನವರ ಮುಖ ಬಿಟ್ಟು ಬೇರೆಲ್ಲೂ ನೋಡುತ್ತಿರಲಿಲ್ಲ.

ಮುಂದಿನ ವಾರ ಹೋದರೆ ನರ್ಸು ಒಬ್ಬಳೇ ಕೂತು ಡಬ್ಬಿ ಬಿಚ್ಚಿ ಊಟ ಮಾಡುತ್ತಿದ್ದಳು. ಅದರ ಮುಂದಿನ ವಾರವೂ ಹಾಗೇ. ಎರಡು ತಿಂಗಳಾದರೂ ಸೂಜಿಯಕ್ಕ, ಅಂಚೆಯಣ್ಣ ಬಿಟ್ಟರೆ ನರಪಿಳ್ಳೆ ಸುಳಿಯಲಿಲ್ಲ.

"ಯಾಕಕ್ಕ ಯಾರೂ ಬರಲ್ಲ? ಈ ಊರಲ್ಲಿ ಎಲ್ಲರೂ ಆರಾಮಾಗಿದ್ದಾರಾ?" ಎಂದು ನರ್ಸು ಕೇಳಿದಳು.

ಸೂಜಿಯಕ್ಕ ಬಾಗಿಲ ಮೇಲೆ ನೋಡಿದಳು. ಬಿಳಿ ಬೋರ್ಡು, ಕೆಂಪು ಅಕ್ಷರ, ಆಳುದ್ದದ ಬರಹ: ಮಾನಸಿಕ ರೋಗಿಗಳ ವಿಭಾಗ. ಕೆಳಗೆ ಉದ್ದದ ಬೆಂಚು. ಬೆಂಚಿನ ಎದುರಿಗೆ ನೀರಿನ ನಲ್ಲಿ. ನಲ್ಲಿಯ ಮುಂದೆ ಕೊಡ ಹಿಡಿದು ನಿಂತ ಅರ್ಧ ಊರು.

"ಸಿಸ್ಟರೇ, ಈ ಬೆಂಚಿನ ಮೇಲೆ ಕೂರೋದೂ ಒಂದೇ, ಡಂಗುರ ಹೊಡೆಸೋದೂ ಒಂದೇ. ಇಲ್ಲಿ ಕೂತ ಹುಡುಗಿಗೆ ಮದುವೆ ಆಗುತ್ತಾ? ಇಲ್ಲಿ ಕೂತ ಮೇಸ್ತ್ರಿಗೆ ನಾಳೆ ಯಾರಾದ್ರೂ ಕೆಲಸ ಕೊಡ್ತಾರಾ? ನಾನಾದ್ರೆ ಮೂರೂ ಬಿಟ್ಟೋಳು, ಬಂದೆ."

"ಹಂಗಾದ್ರೆ ಏನು ಮಾಡೋದಕ್ಕ? ಹಿಂಗೇ ಆದ್ರೆ ಈ ಊರಿಗೆ ಬೇಡ ಅಂತ ಬರೆದುಬಿಡ್ತಾರೆ."

ಸೂಜಿಯಕ್ಕ ಅಂಗಡಿಗೆ ಬಂದು ಸಂಜೆಯವರೆಗೆ ಗುಂಡಿ ಹೊಲಿಯುತ್ತಾ ಯೋಚಿಸಿದಳು. ಅಷ್ಟರಲ್ಲಿ ಒಬ್ಬ ಹೆಂಗಸು ಅಂಗಿಯ ಅಳತೆಗೆಂದು ಬಂದು, ಪರದೆ ಸರಿಸಿ ಹಿಂದಿನ ಕೋಣೆಗೆ ಹೋದಳು. ಹೋದವಳು ಅಳತೆ ಕೊಟ್ಟ ಮೇಲೂ ಕನ್ನಡಿಯ ಮುಂದೆ ನಿಂತು, ಮನೆಯ ಕಷ್ಟವನ್ನೆಲ್ಲ ಹೇಳಿ, ಕಣ್ಣೊರೆಸಿಕೊಂಡು, ಹಗುರವಾಗಿ ಹೊರಗೆ ಬಂದಳು. ಎದುರಿಗೆ ಬಸ್ಸಿಗೆ ಕಾಯುತ್ತಿದ್ದ ಯಾರೂ ತಲೆಯೆತ್ತಿ ನೋಡಲಿಲ್ಲ. ದರ್ಜಿಯ ಅಂಗಡಿಗೆ ಯಾರು ಬಂದರೇನು, ಎಷ್ಟು ಹೊತ್ತು ಕೂತರೇನು?

ಮುಂದಿನ ವಾರ ಅವಳು ನರ್ಸಿನ ಸ್ಕೂಟರನ್ನು ತಿರುವಿನಲ್ಲೇ ಅಡ್ಡಗಟ್ಟಿದಳು. "ಆ ಬೋರ್ಡಿನ ಕೆಳಗೆ ಕೂತು ಊಟ ಮಾಡೋ ಬದಲು ನಮ್ಮ ಕೋಣೇಲಿ ಕೂತ್ಕೊಳ್ಳಿ ಸಿಸ್ಟರೇ. ಕನ್ನಡಿಗೆ ಬಟ್ಟೆ ಹೊದಿಸ್ತೀನಿ. ಬರೋರು ಅಳತೆ ಕೊಡೋಕೆ ಬರ್ತಾರೆ, ಅಷ್ಟೇ."

ನರ್ಸು ಮೇಲಿನವರನ್ನು ಕೇಳಿದಳು. ಮೇಲಿನವರು ಅವರ ಮೇಲಿನವರನ್ನು ಕೇಳಿದರು. ಕೊನೆಗೆ ಆರೋಗ್ಯ ಕೇಂದ್ರದ ಡಾಕ್ಟರೇ, "ಬಟ್ಟೆ ಅಂಗಡಿಯೋ ಬಾವಿಕಟ್ಟೆಯೋ, ಜನ ಎಲ್ಲಿ ಬರ್ತಾರೋ ಅಲ್ಲಿ ಕೂರಮ್ಮ. ಜವಾಬ್ದಾರಿ ನಂದು" ಎಂದರು.

ಸೂಜಿಯಕ್ಕ ಸುದ್ದಿ ಹಬ್ಬಿಸಲಿಲ್ಲ. ಯಾರ ಅಂಗಿ ಸಡಿಲವಾಗಿದೆ, ಯಾರು ಗುಂಡಿ ತಪ್ಪಾಗಿ ಹಾಕಿಕೊಂಡು ಬರುತ್ತಾರೆ, ಯಾರ ಹೆಂಡತಿ ಗಂಡನ ಬಟ್ಟೆ ತಂದಾಗ ಕಣ್ಣು ಕೆಳಗಿಡುತ್ತಾಳೆ ಎಂದು ನೋಡಿ, ಅಂಥವರಿಗೆ ಮೆಲ್ಲಗೆ, "ಗುರುವಾರ ಬನ್ನಿ. ಒಂದು ಬಟ್ಟೆ ತನ್ನಿ. ಒಳಗೆ ನಮ್ಮ ಸಿಸ್ಟರ್ ಇರ್ತಾರೆ, ಒಳ್ಳೆ ಹುಡುಗಿ. ನಾನೂ ಅವರ ಹತ್ರಾನೇ ತೋರಿಸ್ಕೊಳ್ಳೋದು" ಎನ್ನುತ್ತಿದ್ದಳು. ಹಿಂದಿನ ಕೋಣೆಯ ಮಾತು ಕೇಳಿಸದಿರಲೆಂದು, ಯಾರಾದರೂ ಒಳಗೆ ಹೋದೊಡನೆ ಯಂತ್ರ ತುಳಿಯಲು ಶುರು ಮಾಡುತ್ತಿದ್ದಳು. ಹೊಲಿಯುವುದಕ್ಕೆ ಏನೂ ಇಲ್ಲದಿದ್ದರೆ ಹಳೆಯ ಚಿಂದಿಯ ಮೇಲೇ ಹೊಲಿಗೆ ಓಡಿಸುತ್ತಿದ್ದಳು.

ಮೊದಲು ಒಬ್ಬಳು ಬಾಣಂತಿ ಬಂದಳು. ಆಮೇಲೆ ಕಲ್ಲುಗಣಿಯ ಒಬ್ಬ ಮೇಸ್ತ್ರಿ ಬಂದ. ಜೊತೆಗಾರನ ಮೇಲೆ ಬಂಡೆ ಉರುಳಿದ್ದನ್ನು ಕಂಡ ಮೇಲೆ ಆತನಿಗೆ ನಿದ್ದೆ ಹತ್ತುತ್ತಿರಲಿಲ್ಲ. ಕ್ರಮೇಣ ಗುರುವಾರ ಬಂತೆಂದರೆ ಅಂಗಡಿಯ ಮೆಟ್ಟಿಲ ಮೇಲೆ ಚೀಲ ಹಿಡಿದ ನಾಲ್ಕಾರು ಜನ. ಊರಿಗೆ ಎಷ್ಟು ದಿಂಬಿನ ಚೀಲ ಬೇಕೋ ಅದರ ನಾಲ್ಕು ಪಟ್ಟು ದಿಂಬಿನ ಚೀಲ ಆ ವರ್ಷ ಹೊಲಿದಾಯಿತು. ಗಣಿಯ ಮೇಸ್ತ್ರಿ ಬೇರೆ ಬಟ್ಟೆ ಸಿಗದೆ ಒಂದೇ ಪ್ಯಾಂಟನ್ನು ಮತ್ತೆ ಮತ್ತೆ ಗಿಡ್ಡ ಮಾಡಿಸಿದ, ಕೊನೆಗೆ ಅದು ಚಡ್ಡಿಯಾಯಿತು. "ಮೇಸ್ತ್ರಿ, ಕಾಯಿಲೆ ಬೇಗ ವಾಸಿ ಮಾಡ್ಕೊಳ್ಳಿ. ಇನ್ನೊಂದು ಸಲ ಬಂದರೆ ಕತ್ತರಿಸೋಕೆ ಬಟ್ಟೆ ಉಳಿದಿಲ್ಲ" ಎಂದಳು ಸೂಜಿಯಕ್ಕ. ಆತ ಮುಂದಿನ ಗುರುವಾರ ಹೆಂಡತಿಯ ಪರದೆಗಳನ್ನು ತಂದ.

ಯೋಜನೆಗೆ ಗಡುವು ಇತ್ತು ಎಂಬುದು ಸೂಜಿಯಕ್ಕನಿಗೆ ಗೊತ್ತಿರಲಿಲ್ಲ. ಒಂದು ಗುರುವಾರ ನರ್ಸು ಊಟದ ಡಬ್ಬಿ ಬಿಚ್ಚದೆ ಕೂತಿದ್ದಳು.

"ಅಕ್ಕ, ಯೋಜನೆಯ ದುಡ್ಡು ಮುಗೀತು. ಹೊಸ ಬಜೆಟ್‌ನಲ್ಲಿ ಹಳ್ಳಿ ಸುತ್ತೋದಕ್ಕೆ ಹಣ ಕೊಟ್ಟಿಲ್ಲ. ನಮ್ಮನ್ನೆಲ್ಲ ವಾಪಸ್ ದೊಡ್ಡಾಸ್ಪತ್ರೆಗೆ ಕರೆಸ್ಕೊಳ್ತಾರೆ."

"ಇಲ್ಲಿಯೋರು?"

"ಬಸ್ಸಿದೆಯಲ್ಲ ಅಂತಾರೆ."

ಸೂಜಿಯಕ್ಕನ ಕಾಲು ಯಂತ್ರದ ಮೇಲೆ ತಾನಾಗಿ ನಿಂತಿತು. ಕುಸಿದ ಸೇತುವೆ, ಮುಗಿದ ಮಾತ್ರೆ, ಒದ್ದೆ ಬಟ್ಟೆ ಹಿಡಿದು ನಿಂತ ಅತ್ತೆ, ಎಲ್ಲ ಒಟ್ಟಿಗೇ ಕಣ್ಣ ಮುಂದೆ ಬಂದವು. ತನಗೇನೋ ಗಂಡನಿದ್ದ, ಗಿರಣಿ ಮುಚ್ಚಿ ಕರೆದೊಯ್ದ. ಆ ಬಾಣಂತಿಯನ್ನು ಯಾರು ಕರೆದೊಯ್ಯುತ್ತಾರೆ?

"ತೀರ್ಮಾನ ಆಗಿಹೋಯ್ತಾ?"

"ಇಲ್ಲ. ಒಬ್ಬರು ಅಧಿಕಾರಿ ಬರ್ತಾರೆ. ಊರಿನವರೇ ಬೇಕು ಅಂದ್ರೆ, ಖರ್ಚಿನಲ್ಲಿ ಊರೂ ಒಂದು ಪಾಲು ಹೊತ್ಕೊಂಡ್ರೆ, ಅಂಥ ಕಡೆ ಮುಂದುವರಿಸಬಹುದು ಅಂತ ಒಂದು ಮಾತಿದೆ."

ಸಭೆ ಶಾಲೆಯ ದೊಡ್ಡ ಕೋಣೆಯಲ್ಲಿ ಸೇರಿತು. ಮಕ್ಕಳ ಗಿಡ್ಡ ಬೆಂಚುಗಳಲ್ಲಿ ದೊಡ್ಡವರು ಮೊಣಕಾಲನ್ನು ಗಲ್ಲಕ್ಕೆ ಮುಟ್ಟಿಸಿಕೊಂಡು ಕೂತಿದ್ದರು. ಅಧಿಕಾರಿ ಸೌಮ್ಯ ಮನುಷ್ಯ, ನಾಲ್ಕು ಊರು ಸುತ್ತಿ ಬಂದ ದಣಿವು ಮುಖದಲ್ಲಿ. ಸುತ್ತಿ ಬಳಸಿ ಮಾತಾಡಲಿಲ್ಲ.

"ನೋಡಿ, ಎಷ್ಟು ಜನ ಬರ್ತಾರೆ ಅಂತ ನಮ್ಮ ಹತ್ರ ಲೆಕ್ಕ ಇದೆ. ಹೆಸರು ಇರಲ್ಲ, ಇರಕೂಡದು. ಆದರೆ ನಾಳೆ ನಾನು ಮೇಲೆ ಹೋಗಿ, ಈ ಊರು ಕೇಳ್ತಿದೆ, ತನ್ನ ಕೈಯಿಂದಲೂ ಹಾಕ್ತಿದೆ ಅಂತ ಹೇಳಬೇಕು. ಹಂಗೆ ಹೇಳೋಕೆ ನಂಗೊಂದು ಬಲ ಬೇಕು. ಯಾರಿಗೆ ಈ ಸೇವೆ ಬೇಕು?"

ಬಾಣಂತಿ ಮಗುವಿನ ಟೋಪಿ ಸರಿಮಾಡಿದಳು. ಮೇಸ್ತ್ರಿ ಕಿಟಕಿಯಾಚೆ ನೋಡಿದ. ಊರಿನ ಅಧ್ಯಕ್ಷರು ಕೋಟಿನ ಗುಂಡಿ ಹಾಕಿಕೊಂಡು ಎದ್ದರು. ಊರಿನ ಮರ್ಯಾದೆ ತಮ್ಮ ಹೆಗಲ ಮೇಲಿದೆ ಎಂದು ನಂಬಿದವರು.

"ಸಾರ್, ನಮ್ಮೂರ ಗಾಳಿ ಒಳ್ಳೇದು, ನೀರು ಒಳ್ಳೇದು. ಆ ಥರ ಕಾಯಿಲೆಯೋರು ನಮ್ಮಲ್ಲಿ ಯಾರೂ ಇಲ್ಲ."

"ನಾನಿದ್ದೀನಿ" ಎಂದಳು ಸೂಜಿಯಕ್ಕ.

ಅವಳು ಎದ್ದು ನಿಂತಾಗ ಬೆಂಚು ಕಿರ್ರೆಂದಿತು. ಇಷ್ಟು ಜನರ ಮುಂದೆ ಎಂದೂ ನಿಂತವಳಲ್ಲ, ಆದರೆ ಬಾಯಿಗೆ ಅಭ್ಯಾಸವಿತ್ತು. "ಒಂದು ವರ್ಷ ಹಾಸಿಗೆ ಹಿಡಿದಿದ್ದೆ ಸಾರ್. ಇವತ್ತಿಗೂ ದಿನಾ ಒಂದು ಮಾತ್ರೆ ನುಂಗ್ತೀನಿ. ನುಂಗಿ, ಇವರೆಲ್ಲರ ಬಟ್ಟೆ ಹೊಲೀತೀನಿ."

"ನಾನು ಇವಳ ಗಂಡ!" ಎಂದು ಹಿಂದಿನಿಂದ ಗಿರಣಿಯವನು ಕೂಗಿದ. ಯಾರೂ ಕೇಳಿರಲಿಲ್ಲ. ಕೋಣೆಯೆಲ್ಲ ನಗೆಯಲ್ಲಿ ಅಲ್ಲಾಡಿತು.

ಅಂಚೆಯಣ್ಣ ನಗದೆ ಎದ್ದು ನಿಂತ. "ನಾನೂ ಇದ್ದೀನಿ ಸಾರ್" ಎಂದು ಕೂತ. ಅಷ್ಟೇ. ಇಬ್ಬರಿಂದ ಬಲ ಬರುವುದಿಲ್ಲ. ಇನ್ನೊಬ್ಬರು ಏಳಲಿ ಎಂದು ಸೂಜಿಯಕ್ಕ ಕಾದಳು. ಯಾರೂ ಏಳಲಿಲ್ಲ. ಅವಳಿಗೆ ಕೋಪ ಬರಲಿಲ್ಲ, ಆ ಬಾಣಂತಿಯ ತಗ್ಗಿಸಿದ ತಲೆಯನ್ನೇ ನೋಡಿದಳು. ಆಗ ಅವಳಿಗೊಂದು ಹೊಳೆಯಿತು.

"ಸಾರ್, ಇವರನ್ನ ಹಂಗೆ ಕೇಳಬೇಡಿ. ನಾನು ಕೇಳ್ತೀನಿ. ಏನ್ರಪ್ಪಾ, ಏನ್ರಮ್ಮಾ, ಈ ಎರಡು ಮೂರು ವರ್ಷದಲ್ಲಿ ನನ್ನ ಅಂಗಡೀಲಿ ಬಟ್ಟೆ ಹೊಲಿಸಿದೋರು ಯಾರ್‍ಯಾರು? ಕೈ ಎತ್ತಿ."

ಇದರಲ್ಲಿ ಏನು ನಾಚಿಕೆ? ಕೈಗಳು ಎದ್ದವು. ಮುಂದಿನ ಬೆಂಚಿನಿಂದ ಹಿಂದಿನ ಗೋಡೆಯವರೆಗೆ. ಬಾಣಂತಿಯ ಕೈ ಎದ್ದಿತು, ಮೇಸ್ತ್ರಿಯ ಕೈ ಎದ್ದಿತು. ಅವರ ಪಕ್ಕದಲ್ಲಿ ಬರೀ ಬಟ್ಟೆಗಷ್ಟೇ ಬಂದವರ ಕೈಯೂ ಎದ್ದಿತು. ಅಧ್ಯಕ್ಷರ ಕೋಟು ಅವಳೇ ಹೊಲಿದದ್ದು. ಅವರ ಕೈಯೂ ಮೇಲಕ್ಕೆ ಹೋಯಿತು.

"ಇವರಲ್ಲಿ ಬಟ್ಟೆಗೆ ಬಂದೋರು ಯಾರು, ಸಿಸ್ಟರ್ ಹತ್ರ ಬಂದೋರು ಯಾರು ಅಂತ ನಾನು ಹೇಳಲ್ಲ. ನೀವೂ ಕೇಳಬೇಡಿ. ನೋಡಿ ಸಾರ್, ಇಷ್ಟು ಜನ."

ಅಧಿಕಾರಿ ಪೆನ್ನು ಕೆಳಗಿಟ್ಟು ಆ ಕೈಗಳನ್ನೇ ನೋಡುತ್ತಾ ಕೂತರು. ವಿಷಯ ಅರ್ಥವಾದವರು ಮೊದಲು ಬೆಚ್ಚಿದರು, ಆಮೇಲೆ ಅಕ್ಕಪಕ್ಕ ನೋಡಿದರು. ಎಲ್ಲರ ಕೈಯೂ ಮೇಲಿದೆ, ಯಾರು ಯಾರನ್ನು ಬೊಟ್ಟು ಮಾಡುವುದು? ಒಬ್ಬರೂ ಕೈ ಇಳಿಸಲಿಲ್ಲ. ಇಳಿಸಿದರೇ ಗುಮಾನಿ!

"ಸರಿ. ಊರಿನ ಪಾಲು?" ಎಂದರು ಅಧಿಕಾರಿ. ಅವರ ದನಿಯಲ್ಲೀಗ ಸ್ವಲ್ಪ ನಗುವಿತ್ತು.

ಅಧ್ಯಕ್ಷರು ಕೈ ಎತ್ತಿಕೊಂಡೇ, ಊರಿನ ಬೊಕ್ಕಸದಲ್ಲಿ ಬೀದಿ ದೀಪಕ್ಕೆ ಬಿಟ್ಟರೆ ಬೇರೆ ಯಾವುದಕ್ಕೂ ಹಣವಿಲ್ಲವೆಂದು ರಾಗ ಎಳೆದರು. ಗೋಡೆಗೆ ಒರಗಿ ಕೂತಿದ್ದ ಸೂಜಿಯಕ್ಕನ ಅತ್ತೆ ಅಲ್ಲಿಂದಲೇ ಕೇಳಿದರು:

"ಅಲ್ಲ ಕಣಪ್ಪ, ಆ ದೀಪ ಒಂದಾದ್ರೂ ಉರಿಯುತ್ತಾ? ಉರಿಯದ ದೀಪದ ದುಡ್ಡು ಎಲ್ಲಿದೆಯೋ ಅದನ್ನೇ ಕೊಡು. ಕತ್ತಲಲ್ಲಿ ಓಡಾಡಿ ನಮಗೇನೋ ಅಭ್ಯಾಸ ಆಗಿದೆ."

ಆ ನಗೆಯಲ್ಲಿ ಸಭೆ ಮುಗಿಯಿತು. ಅಧ್ಯಕ್ಷರು ಕೆಟ್ಟವರಲ್ಲ. ಮುಖ ಕೆಂಪಾದರೂ ಮುಂದಿನ ವಾರವೇ ಊರಿನ ಸಭೆ ಕರೆದು ನರ್ಸಿನ ಸ್ಕೂಟರಿನ ಪೆಟ್ರೋಲು, ಮಧ್ಯಾಹ್ನದ ಊಟ, ಕೋಣೆಯ ಬಾಡಿಗೆ ಊರೇ ಕೊಡುವುದೆಂದು ಗೊತ್ತುಮಾಡಿದರು. ಬಾಡಿಗೆ ಬೇಡವೆಂದು ಸೂಜಿಯಕ್ಕ ಹಟ ಹಿಡಿದಳು. ಕೊನೆಗೆ ಅದರ ಬದಲು ಹಿಂದಿನ ಕೋಣೆಗೊಂದು ಗಟ್ಟಿ ಬಾಗಿಲು ಹಾಕಿಸಿಕೊಟ್ಟರು.

ಮೇಲಿನಿಂದ ಉತ್ತರ ಬರುವುದು ತಡವಾಯಿತು. ಆ ತಿಂಗಳುಗಳಲ್ಲಿ ನರ್ಸು ಬರಲಿಲ್ಲ. ಅಂಚೆ ಚೀಲ ತರಲು ಪೇಟೆಗೆ ಹೋಗುವ ಅಂಚೆಯಣ್ಣನೇ ಡಾಕ್ಟರಮ್ಮನಿಂದ ಬೇಕಾದವರ ಮಾತ್ರೆ ತಂದು, ಕಾಗದ ಹಂಚುವಂತೆ ಮನೆಮನೆಗೆ ಹಂಚಿದ. ಯಾರಿಗೂ ಅನುಮಾನ ಬರಲಿಲ್ಲ, ಯಾರ ಮಾತ್ರೆಯೂ ತಪ್ಪಲಿಲ್ಲ. ಕೊನೆಗೆ ಬಂದ ಉತ್ತರ ಅರ್ಧ ಸಿಹಿ. ವಾರಕ್ಕೊಮ್ಮೆ ಬರುತ್ತಿದ್ದ ನರ್ಸು ಹದಿನೈದು ದಿನಕ್ಕೊಮ್ಮೆ ಬರುತ್ತಾಳೆ, ಆದರೆ ಮಾತ್ರೆ ಇನ್ನು ಮುಂದೆ ಊರಿನ ಆರೋಗ್ಯ ಕೇಂದ್ರದ ಕಪಾಟಿನಲ್ಲೇ ಸಿಗುತ್ತದೆ. "ಇರಲಿ ಬಿಡಿ, ಅಂಗಿಗೆ ಬಟ್ಟೆ ಸಾಲದೆ ಹೋದರೆ ಅರ್ಧ ತೋಳು ಇಡ್ತೀವಿ, ಹಾಕ್ಕೊಳ್ಳೋದು ಬಿಡ್ತೀವಾ?" ಎಂದಳು ಸೂಜಿಯಕ್ಕ.

ಈಗಲೂ ಅವಳಿಗೆ ಭಾರದ ದಿನಗಳು ಬರುತ್ತವೆ. ಬಂದಾಗ ಹೆದರುವುದಿಲ್ಲ. ಆ ದಿನ ಕತ್ತರಿ ಮುಟ್ಟದೆ, ನೇರ ಹೊಲಿಗೆಯ ಕೆಲಸವನ್ನಷ್ಟೇ ಮಾಡಿ, ಬೇಗ ಬಾಗಿಲು ಹಾಕುತ್ತಾಳೆ. ನರ್ಸು ಬರುವ ಗುರುವಾರಗಳಲ್ಲಿ ಮೆಟ್ಟಿಲ ಮೇಲೆ ಜನ ಇರುತ್ತಾರೆ. ಕೆಲವರು ಬಟ್ಟೆ ತರುವುದನ್ನೇ ಬಿಟ್ಟಿದ್ದಾರೆ, ಕೈಬೀಸಿಕೊಂಡು ಬಂದು ಕೂರುತ್ತಾರೆ. ಇದರಿಂದ ಅವಳ ವ್ಯಾಪಾರ ಬಿದ್ದಿದೆ. ಅದನ್ನು ಎಲ್ಲರ ಮುಂದೆ ಸಂತೋಷದಿಂದ ದೂರುತ್ತಾಳೆ.

ಮೊನ್ನೆ ಒಂದು ಗುರುವಾರ ಜನ ಕರಗಿದ ಮೇಲೆ ಅತ್ತೆ ಎದ್ದು, ಯಾರನ್ನೂ ಕೇಳದೆ ಹಿಂದಿನ ಕೋಣೆಗೆ ಹೋಗಿ ಬಾಗಿಲು ಹಾಕಿಕೊಂಡರು. ಸೂಜಿಯಕ್ಕ ಅಚ್ಚರಿಯಿಂದ ಯಂತ್ರ ತುಳಿದಳು. ಒಂದು ಇಡೀ ಲಂಗದ ಅಂಚು ಮುಗಿಯಿತು. ಅತ್ತೆ ಹೊರಗೆ ಬಂದು ಮೇಜಿನ ಪಕ್ಕ ಕೂತು, ಬಟಾಣಿ ಸುಲಿಯಲು ಬುಟ್ಟಿ ಎಳೆದುಕೊಂಡರು.

"ಏನತ್ತೆ, ಏನು ಮಾತಾಡಿದ್ರಿ?"

"ನಿಂಗ್ಯಾಕೆ?"

ಒಂದಿಷ್ಟು ಬಟಾಣಿ ಸುಲಿದ ಮೇಲೆ ಅತ್ತೆ ತಾವಾಗಿಯೇ ಶುರು ಮಾಡಿದರು.

"ನಿನ್ನ ಗಂಡ ಹುಟ್ಟಿದ ವರ್ಷ ನಂಗೂ ಹಿಂಗೇ ಆಗಿತ್ತು ಕಣೇ. ಇವನು ಅತ್ತರೆ ಯಾರದೋ ಮನೆ ಮಗು ಅಳ್ತಿದೆ ಅನ್ನಿಸೋದು. ಎತ್ತಿಕೊಳ್ಳೋಕೇ ಮನಸ್ಸು ಬರ್ತಿರಲಿಲ್ಲ. ಎಲ್ಲರೂ ಸೋಮಾರಿ ಅಂದರು. ನಾನೂ ಹೌದು ಅಂದ್ಕೊಂಡೆ. ನೀನು ಮಲಗಿದಾಗ ನಿಂಗೂ ಅದನ್ನೇ ಅಂದೆ, ಬೇರೆ ಮಾತು ಗೊತ್ತಿರಲಿಲ್ಲ ನಂಗೆ. ಇವತ್ತು ಆ ಹುಡುಗಿ ಅದಕ್ಕೊಂದು ಹೆಸರು ಹೇಳಿದಳು."

"ಆಮೇಲೆ ಹೆಂಗೆ ಹೋಯ್ತು ಅತ್ತೆ?"

"ಯಾರಿಗೆ ಗೊತ್ತು? ಒಂದಿನ ಬಿಸಿಲಲ್ಲಿ ಮಲಗಿಸಿದ್ದೆ. ಇವನ ಕಿವಿ ನೋಡಿದೆ. ಮೊರದಗಲ! ಬಿಸಿಲು ಬಿದ್ದು ಕೆಂಪಗೆ ಹೊಳೀತಿತ್ತು. ನಗು ಬಂತು. ಆವತ್ತು ಎತ್ತಿಕೊಂಡೆ."

ಅಷ್ಟರಲ್ಲಿ ಗಿರಣಿಯವನು ಚಹಾ ಕೇಳಿಕೊಂಡು ಬಾಗಿಲಿಗೆ ಬಂದ. ಬೆನ್ನಿಗೆ ಸಂಜೆ ಬಿಸಿಲು. ಹಿಟ್ಟು ಮೆತ್ತಿದ ಎರಡು ಕಿವಿಯೂ ಅಂಚಿನಲ್ಲಿ ಕೆಂಪಗೆ ಹೊಳೆಯುತ್ತಿದ್ದವು. ಅತ್ತೆ ಸೊಸೆ ಒಬ್ಬರ ಮುಖ ಒಬ್ಬರು ನೋಡಿಕೊಂಡರು. ನಗು ತಡೆಯಲಾರದೆ ಸೂಜಿಯಕ್ಕ ಲಂಗದಲ್ಲಿ ಮುಖ ಹುದುಗಿಸಿದಳು. ಅತ್ತೆಯ ಮಡಿಲಿನಿಂದ ಬಟಾಣಿ ನೆಲದ ಮೇಲೆಲ್ಲ ಉರುಳಿತು.

"ಏನಾಯ್ತು?" ಎಂದು ಆತ ಕೂಗಿದ. ಎದುರು ಬಸ್ಸಿಗೆ ಕಾಯುತ್ತಿದ್ದವರೆಲ್ಲ ತಿರುಗಿ ನೋಡಿದರು. "ಏನಾಯ್ತು ಅಂದೆ!"